ಧರ್ಮಪಿತನ ಸಹಿ

ಚರ್ಚಿನ ಅಂಗಳದಲ್ಲಿ ಹಿಮ ತೆಗೆಯುವ ಗಾಡಿ ಬೆಳಗಿನಿಂದ ಅದೇ ಜಾಗವನ್ನು ಮತ್ತೆ ಮತ್ತೆ ಕೆರೆಯುತ್ತಿತ್ತು. ಅದರ ಕನ್ನಡಿಗೆ ಯಾರೋ ಮದುವೆಯ ಬಿಳಿ ರಿಬ್ಬನ್ ಕಟ್ಟಿದ್ದರು. ಹೆಂಗಸರು ಹೈಹೀಲ್ಸ್ ಹಾಕಿಕೊಂಡೇ ಕಾರಿನಿಂದ ಇಳಿದು ನಡೆದು ಬರುವಷ್ಟು ಅಂಗಳ ಚೊಕ್ಕಟವಾಗಿತ್ತು. ಆಚೆಗಿನ ಬೇಲಿ ಮಾತ್ರ ತುದಿಯವರೆಗೆ ಹೂತುಹೋಗಿತ್ತು.

ಗವ್ರಿಲ್ ಹೊದೊರ್ ಮೆಟ್ಟಿಲ ಬಳಿ ಆಳೆತ್ತರದ ಮೇಣದಬತ್ತಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಹೆಂಡತಿ ಲುಕ್ರೆಟ್ಸಿಯ, ಅವಳ ಕೈಯಲ್ಲೂ ಅಂಥದ್ದೇ ಇನ್ನೊಂದು. ಈ ಮದುವೆಯ ಧರ್ಮಪಿತ, ಧರ್ಮಮಾತೆ ಅವರು. ಆ ಇಬ್ಬರು ಬಂದು ನಿಲ್ಲದೆ ಪಾದ್ರಿ ಮದುವೆಯ ಕಿರೀಟವನ್ನು ಮುಟ್ಟುವುದಿಲ್ಲ.

ದನದ ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದ ಗವ್ರಿಲ್ ರಾಜಕೀಯದಲ್ಲಿ ಮೇಲೆ ಬಂದದ್ದು ಈ ದಾರಿಯಿಂದಲೇ. ಹಸುವಿಗೆ ಚುಚ್ಚುಮದ್ದು ಕೊಡಲು ಹೋದ ಮನೆಯವರು ಮಗನ ಮದುವೆಗೆ ಧರ್ಮಪಿತನಾಗಲು ಕೇಳಿದರು. ಆಮೇಲೆ ಅವರ ನೆಂಟರು ಕೇಳಿದರು. ಕೆಲವು ವರ್ಷಗಳಲ್ಲಿ ಅವನಿಗೆ ಪ್ರತಿ ಕಣಿವೆಯಲ್ಲೂ ಧರ್ಮಮಕ್ಕಳಿದ್ದರು. ಧರ್ಮಪುತ್ರ ಧರ್ಮಪಿತನ ವಿರುದ್ಧ ಮತ ಹಾಕುವುದುಂಟೆ? ಧರ್ಮಪಿತ ಧರ್ಮಪುತ್ರನಿಗೆ ಕೆಲಸವಿಲ್ಲ ಎನ್ನುವುದುಂಟೆ? ಹೀಗೆ ಊರ ಸಭೆಯಿಂದ ಜಿಲ್ಲಾ ಪರಿಷತ್ತಿಗೆ, ಅಲ್ಲಿಂದ ರಸ್ತೆ ಸಮಿತಿಯ ಮುಖ್ಯಸ್ಥನ ಕುರ್ಚಿಗೆ ಬಂದಿದ್ದ. ಬರುವ ಗುರುವಾರ ಪರಿಷತ್ತಿನ ಉಪಾಧ್ಯಕ್ಷರ ಆಯ್ಕೆ. ಇವತ್ತಿನ ವಧುವಿನ ಅಪ್ಪ ಸೆವೆರ್, ಜಿಲ್ಲೆಯ ರಸ್ತೆಗಳಲ್ಲಿ ಹಿಮ ತೆಗೆಯುವ ಗುತ್ತಿಗೆದಾರ. ಐದು ಸದಸ್ಯರ ಮತ ಅವನ ಜೇಬಿನಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು.

ಗವ್ರಿಲನ ಫೋನ್ ಅದುರಿತು.

"ಗವ್ರಿಲಣ್ಣ, ನಾನು ಪ್ಲಾಯು ಊರಿನ ಸವೇಟ. ನಮ್ಮ ಯಜಮಾನ್ರಿಗೆ ಡಯಾಲಿಸಿಸ್ ಆಗ್ಬೇಕು. ಮೊನ್ನೆ ಗುರುವಾರದ್ದೂ ತಪ್ತು, ನಿನ್ನೇದೂ ತಪ್ತು. ಆಂಬುಲೆನ್ಸು ಕೆಳಗಿನ ತಿರುವಿನವರೆಗೆ ಬಂದು ಹಿಮದಲ್ಲಿ ಸಿಕ್ಕಾಕ್ಕೊಂಡಿದೆ."

"ಗುತ್ತಿಗೆದಾರರ ಆಫೀಸಿಗೆ ಹೇಳಿದ್ರಾ?"

"ಹೇಳ್ದೆ. ಗಾಡಿ ಕೆಟ್ಟಿದೆ ಅಂದ್ರು."

ಗವ್ರಿಲ್ ಎದುರಿಗೆ ಓಡಾಡುತ್ತಿದ್ದ ಗಾಡಿಯನ್ನು ನೋಡಿದ. "ಇರಿ, ಬೇರೆ ಗಾಡಿ ಕಳಿಸೋಕೆ ಹೇಳ್ತೀನಿ" ಎಂದ.

ಸೆವೆರ್ ಬಂದವರಿಗೆಲ್ಲ ಪ್ಲಮ್ ಸಾರಾಯಿ ಸುರಿಯುತ್ತಿದ್ದ. ವಿಷಯ ಕೇಳಿ ಬಾಟಲಿಗೆ ಬಿರಡೆ ಹಾಕಿದ. ಮಗಳ ಮದುವೆಗೆ ಧರ್ಮಪಿತನಾಗಲು ಒಪ್ಪಿದಂದಿನಿಂದ ಗವ್ರಿಲನನ್ನು ಅವನು ಬೀಗರೇ ಎಂದೇ ಕರೆಯುತ್ತಿದ್ದ.

"ಬೇರೆ ಗಾಡಿ ಎಲ್ಲಿಂದ ತರ್ಲಿ ಬೀಗರೇ? ಓಡ್ತಿರೋದು ಇದೊಂದೇ."

"ಗುತ್ತಿಗೇಲಿ ಆರು ಗಾಡಿ ಇದೆಯಲ್ಲ."

"ಕಾಗದದಲ್ಲಿ ಆರಿದೆ. ಪರಿಶೀಲನೆಗೆ ಬಂದ ದಿನ ನೀವು ನಮ್ಮನೇಲಿ ಹಂದಿಮಾಂಸ ತಿಂದ್ರಿ, ಸಹಿ ಹಾಕಿದ್ರಿ, ಹೋದ್ರಿ. ಶೆಡ್ಡಿನ ಬಾಗಿಲು ತೆಗಿ ಅಂತ ಒಂದು ಮಾತು ಕೇಳಿದ್ರಾ?"

ಗವ್ರಿಲ್ ಸುತ್ತ ನೋಡಿದ. ಯಾರೂ ಕೇಳಿಸಿಕೊಂಡಂತಿರಲಿಲ್ಲ. "ಸರಿ, ಇದನ್ನೇ ಕಳಿಸಿ."

"ಪರಿಷತ್ತಿನ ಅಧ್ಯಕ್ಷರ ಕಾರು ಏರು ಹತ್ತೋ ಹೊತ್ತು. ಅವರು ಹಿಮದಲ್ಲಿ ಸಿಕ್ಕಿಕೊಂಡ್ರೆ ಗುರುವಾರ ನಿಮ್ಮ ಹೆಸರು ಎತ್ತೋರು ಯಾರು?" ಸೆವೆರ್ ದನಿ ತಗ್ಗಿಸಿದ. "ನಾನೇನು ರಾಕ್ಷಸನಾ? ಜಿಲ್ಲೆಯವರು ಬಿಲ್ ಪಾಸು ಮಾಡೋದು ಬೇಸಿಗೆಗೆ. ನಾನು ಯಾವುದರಲ್ಲಿ ಗಾಡಿ ರಿಪೇರಿ ಮಾಡಿಸ್ಲಿ? ಶಾಸ್ತ್ರ ಮುಗೀಲಿ, ಕಳಿಸ್ತೀನಿ. ಒಂದು ಗಂಟೆ ಅಷ್ಟೆ."

ಒಂದು ಗಂಟೆ ಎಂದರೆ ಹೆಚ್ಚೇನಲ್ಲ ಎಂದು ಗವ್ರಿಲನಿಗೂ ಅನ್ನಿಸಿತು. ಸವೇಟಳಿಗೆ ಫೋನ್ ಮಾಡಿ ಹಾಗೇ ಹೇಳಿದ.

"ಅದನ್ನ ಅವರಿಗೇ ಹೇಳಿ" ಎಂದು ಅವಳು ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು.

ಮಾತಿರಲಿಲ್ಲ. ಒದ್ದೆ ಬಟ್ಟೆಯ ಮೂಲಕ ಗಾಳಿ ಎಳೆದಂತೆ ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅಂಥ ಉಸಿರನ್ನು ಗವ್ರಿಲ್ ಕೊಟ್ಟಿಗೆಗಳಲ್ಲಿ ಕೇಳಿದ್ದ. ಕೇಳಿದ ಮೇಲೆ ದನದ ಮಾಲೀಕನಿಗೆ ಏನು ಹೇಳುತ್ತಿದ್ದನೆಂಬುದೂ ನೆನಪಿತ್ತು.

ಅವನು ತನ್ನ ಮೇಣದಬತ್ತಿಯನ್ನು ಹೆಂಡತಿಯ ಕೈಗಿಟ್ಟ.

"ನೀವು ಹೋದ್ರೆ ಮದುವೆ ನಿಲ್ಲುತ್ತೆ ಕಣ್ರೀ" ಎಂದಳು ಲುಕ್ರೆಟ್ಸಿಯ.

"ನಿಲ್ಲಲಿ."

"ಇಷ್ಟು ವರ್ಷ ಒಂದೊಂದೇ ಮನೆ ಮೆಟ್ಟಿಲು ಹತ್ತಿ ಕಟ್ಕೊಂಡಿದ್ದು."

"ಗೊತ್ತು."

ಅವಳು ಅವನ ಮುಖವನ್ನು ನೋಡಿದಳು. "ಕೋಟಿನ ಗುಂಡಿ ಹಾಕ್ಕೊಳ್ಳಿ" ಎಂದಳು.

ಗಾಡಿಯ ಡ್ರೈವರ್ ಕೊಸ್ಟೆಲ್ ಬಾಗಿಲು ತೆರೆಯಲು ಹಿಂದೆಮುಂದೆ ನೋಡಿದ. "ಸಾರ್, ಸೆವೆರ್ ಸಾಹೇಬ್ರು ನನ್ನ ಕೆಲಸ ಕಿತ್ಕೋತಾರೆ."

"ನಾನು ಬಲವಂತ ಮಾಡ್ದೆ ಅನ್ನು."

"ಬಲವಂತ ಮಾಡ್ತಿದೀರಾ?"

"ಹೂಂ, ಮಾಡ್ತಿದೀನಿ. ಹೊರಡು."

ಗೇಟಿನಲ್ಲಿ ಅಧ್ಯಕ್ಷರ ಕಾರು ಎದುರಾಯಿತು. ಕೊಸ್ಟೆಲ್ ಹಾರ್ನ್ ಒತ್ತಿದ. ಕಾರು ಹಿಂದಕ್ಕೆ ಸರಿಯಿತು. ಸೆವೆರ್ ಓಡಿಬಂದು ಬಾಗಿಲನ್ನು ಗುದ್ದಿದ. "ಇವತ್ತಿಗೆ ನಿನ್ನ ಕಥೆ ಮುಗೀತು ಕಣೋ, ಹಸು ಡಾಕ್ಟ್ರೇ!" ಎಂದು ಕೂಗಿದ. ಬೀಗರೇ ಎನ್ನುವುದು ಆಗಲೇ ಹೋಗಿತ್ತು.

ಚರ್ಚು ಮರೆಯಾಗುವ ಮುಂಚೆ ಗವ್ರಿಲ್ ಕನ್ನಡಿಯಲ್ಲಿ ನೋಡಿದ. ಉಪಾಧ್ಯಕ್ಷ ಸ್ಥಾನದ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಸದಸ್ಯ ಅವನ ಮೇಣದಬತ್ತಿ ಹಿಡಿದು ಮೆಟ್ಟಿಲೇರುತ್ತಿದ್ದ. ಇನ್ನೊಂದನ್ನು ಆತನ ಹೆಂಡತಿ ಹಿಡಿದಿದ್ದಳು. ಲುಕ್ರೆಟ್ಸಿಯ ಬರಿಗೈಯಲ್ಲಿ ಅಂಗಳದಲ್ಲಿ ಉಳಿದಿದ್ದಳು. ಚರ್ಚಿನ ಗಂಟೆ ಮೊಳಗಿತು. ಮದುವೆ ನಿಲ್ಲಲಿಲ್ಲ.

ಪ್ಲಾಯು ರಸ್ತೆಯ ಕೆಳಗಿನ ತಿರುವಿನಲ್ಲಿ ಆಂಬುಲೆನ್ಸನ್ನು ಎಳೆದು ಬಿಡಿಸಿದರು. ಅಲ್ಲಿಂದ ಮೇಲಕ್ಕೆ ಹಿಮ ಗಾಡಿಯ ಅಲಗಿಗಿಂತ ಎತ್ತರವಿತ್ತು. ಕೊಸ್ಟೆಲ್ ಒಂದಿಷ್ಟು ಹಿಂದೆ ಬಂದು ಗುದ್ದುವನು, ಮತ್ತೆ ಹಿಂದೆ ಬರುವನು. ಕೆಳಗಿನ ತಿರುವಿನಲ್ಲಿ ಆಂಬುಲೆನ್ಸನ್ನು ಎಳೆದು ಬಿಡಿಸಿದರು. ಆಂಬುಲೆನ್ಸು ಹಿಂದೆಯೇ ಬಂತು.

ಊರ ಗಂಡಸರು ಸವೇಟಳ ಗಂಡನನ್ನು ಕಂಬಳಿಯಲ್ಲಿ ಹೊತ್ತು ತಂದರು. ಮುಖ ಊದಿತ್ತು, ತುಟಿ ನೀಲಿಯಾಗಿತ್ತು. ನರ್ಸ್ ಆಕ್ಸಿಜನ್ ಹಾಕಿ, ಎದೆಯ ಮೇಲೆ ತಂತಿಗಳನ್ನು ಅಂಟಿಸಿ, ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು.

"ಉಳೀಬಹುದು. ಹೊರಡಿ ಬೇಗ."

ಸವೇಟ ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ಗವ್ರಿಲ್ ಹತ್ತಿರ ಹೋದ. "ತಡ ಆಯ್ತು ಸವೇಟ" ಎಂದ.

ಅವಳು ಅವನ ಹೊಳೆಯುವ ಬೂಟನ್ನೂ ಕೋಟಿಗೆ ಸಿಕ್ಕಿಸಿದ್ದ ಹೂವನ್ನೂ ನೋಡಿದಳು.

"ಮಂಗಳವಾರ ಮತ್ತೆ ಹೋಗ್ಬೇಕು. ಅವತ್ತು ಯಾರ ಮದುವೆ ಇದೆ?"

ಬಾಗಿಲು ಮುಚ್ಚಿತು. ಗೀಚಿದಂತಿದ್ದ ಒಂದೇ ದಾರಿಯಲ್ಲಿ ಆಂಬುಲೆನ್ಸು ಇಳಿದು ಹೋಯಿತು. ಅದರ ಹಿಂದೆಯೇ ಗಾಳಿ ಹಿಮವನ್ನು ತಂದು ದಾರಿಗೆ ಸುರಿಯತೊಡಗಿತ್ತು.

ಗವ್ರಿಲ್ ಗಾಡಿಯೊಳಗೆ ಕೂತು ಪರಿಷತ್ತಿನ ಕಾರ್ಯದರ್ಶಿಗೆ ಫೋನ್ ಮಾಡಿದ.

"ನಾಳೆ ಬೆಳಗ್ಗೆ ರಸ್ತೆ ಸಮಿತಿ ಸಭೆ ಕರೀರಿ. ಹಿಮದ ಗುತ್ತಿಗೆ ರದ್ದು ಮಾಡೋ ವಿಷಯ. ಪಕ್ಕದ ಜಿಲ್ಲೆಯಿಂದ ಗಾಡಿ ಕೇಳ್ಬೇಕು."

"ಸಾರ್, ಕಾರಣ ಏನಂತ ಬರೀಲಿ?"

"ಗಾಡಿಗಳನ್ನ ನೋಡದೇ ಮುಖ್ಯಸ್ಥ ಸಹಿ ಹಾಕಿದ್ದ ಅಂತ ಬರೀರಿ. ನನ್ನ ಹೆಸರು ಹಾಕಿ."

ಕಾರ್ಯದರ್ಶಿಗೆ ಗವ್ರಿಲನ ಮೇಲೆ ವಿಶ್ವಾಸವಿತ್ತು.

"ಸಾರ್, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಆಯ್ಕೆ ಒಂದು ಮುಗೀಲಿ. ಗುರುವಾರ ಆದ್ಮೇಲೆ ಇಟ್ಕೊಳ್ಳೋಣ್ವಾ?"

"ಬೇಡ" ಎಂದ ಗವ್ರಿಲ್. "ಮಂಗಳವಾರಕ್ಕೆ ಮುಂಚೆ ಆಗ್ಬೇಕು."