ಹದಿನಾರು ಪೆಟ್ಟು

"ಇನ್ನೊಂದ್ಸಲ ಹಾಕು," ಎಂದ ಬಸ್ ಡ್ರೈವರ್.

ಅದು ಮೂರನೆಯ ಸಲ. ಅಣ್ಣನ ಮಗಳು ತುಟಿ ಬಿಗಿಹಿಡಿದು ಪ್ಲೇಯರಿನ ಮುಳ್ಳನ್ನು ಎತ್ತಿ ಮತ್ತೆ ರೆಕಾರ್ಡಿನ ಅಂಚಿಗೆ ತಂದಿಟ್ಟಳು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಅಂಗೈಯನ್ನು ಕಪಾಟಿನ ಮರಕ್ಕೆ ಒತ್ತಿ, ಜ್ವರ ನೋಡುವವರ ಹಾಗೆ ಕಣ್ಣು ಕಿರಿದುಮಾಡಿದಳು.

ಮೂರನೇ ಮಹಡಿಯ ಆ ಎರಡು ಕೋಣೆಯ ಮನೆ ಅತ್ತೆಯದು. ಅಣ್ಣನ ಮಗಳು ಅಚ್ಚುಕೂಟದ ಕೆಲಸಕ್ಕೆಂದು ಬಂದು ಸೇರಿಕೊಂಡು ಎರಡು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳ ಇಬ್ಬರು ಸ್ನೇಹಿತರು ರೆಕಾರ್ಡುಗಳನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಒಬ್ಬ ಬಸ್ ಡ್ರೈವರ್, ಇನ್ನೊಬ್ಬ ಗಣಿತದ ಮೇಷ್ಟ್ರು. ಡ್ರೈವರಿಗೂ ಅತ್ತೆಗೂ ವಯಸ್ಸಿನಲ್ಲಿ ಹೆಚ್ಚೆಂದರೆ ಹತ್ತು ವರ್ಷದ ಅಂತರ. ಆದರೂ ಮನೆಯ ಹುಡುಗಿ ಕರೆಯುವುದನ್ನು ಕೇಳಿ ಕೇಳಿ ಅವರಿಬ್ಬರಿಗೂ ಅವಳು ಅತ್ತೆಯೇ ಆಗಿಬಿಟ್ಟಿದ್ದಳು.

ಮೂವರಿಗೂ ಹೆವಿ ಮೆಟಲ್ ಎಂದರೆ ಜೀವ, ಆದರೆ ಒಬ್ಬರ ಮೆಟಲ್ ಇನ್ನೊಬ್ಬರಿಗಾಗದು. ಡ್ರೈವರನದು ಡೂಮ್. ಆನೆ ಕೆಸರಿನಲ್ಲಿ ಕಾಲೆತ್ತಿಡುವಂಥ ಸಂಗೀತ. ಇಡೀ ವಾರ ಬೆನ್ನ ಹಿಂದೆ ಜನ ಬೇಗ ಬೇಗ ಎನ್ನುತ್ತಾರೆ, ಭಾನುವಾರವಾದರೂ ಯಾರಾದರೂ ನಿಧಾನವಾಗಿರಬಾರದೇ ಎಂಬುದು ಅವನ ವಾದ. ಮೇಷ್ಟ್ರದು ಥ್ರ್ಯಾಶ್. ಅಲ್ಲಿ ಗಿಟಾರುಗಳು ಗರಗಸದ ವೇಗದಲ್ಲಿ ಓಡುತ್ತಿದ್ದರೂ ಅವರ ಬೆರಳು ತೊಡೆಯ ಮೇಲೆ ಒಂದು ಪೆಟ್ಟೂ ತಪ್ಪದೆ ಎಣಿಸುತ್ತಿತ್ತು. ಅಣ್ಣನ ಮಗಳದು ಬ್ಲ್ಯಾಕ್. ತೆಳ್ಳಗೆ, ತಣ್ಣಗೆ, ಕಿರುಚಿಕೊಂಡೇ ಸಾಗುವಂಥದು. ಯಾವ ಆಲ್ಬಮ್ ಯಾವ ಕುಲದ್ದು ಎಂಬ ಮಾತೆದ್ದರೆ ಮೂವರೂ ಕೂದಲು ಸೀಳುತ್ತ ಕೂರುತ್ತಿದ್ದರು, ಲೋಟದಲ್ಲಿದ್ದ ಟೀ ಕೆನೆಗಟ್ಟುತ್ತಿತ್ತು.

ಅತ್ತೆ ಈ ಕೂಟಕ್ಕೆ ಸೇರಿದ್ದು ಹೋದ ವರ್ಷ. ಒಂದು ಭಾನುವಾರ ಅವಳು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಾಗ ಮೂವರೂ ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿದ್ದರು. ಅವಳು ಮಾತ್ರ ಹಾಡು ಮುಗಿಯುವವರೆಗೂ ನಿಂತಿದ್ದು, ಇದಕ್ಕೆ ಏನಂತಾರೆ ಎಂದು ಕೇಳಿದಳು. ಮುಂದಿನ ವಾರ, ಇದೂ ಅದೇ ಜಾತಿಯದಾ ಎಂದು ಕೇಳಿದಳು. ಮೂರನೆಯ ವಾರ ಸ್ಟೂಲು ತಂದುಕೊಂಡು ಕೂತಳು.

ಮೂವತ್ತೊಂದು ವರ್ಷ ಅವಳು ನೇಯ್ಗೆ ಗಿರಣಿಯಲ್ಲಿದ್ದವಳು. ಒಂದು ಶೆಡ್ಡಿನಲ್ಲಿ ಎಂಬತ್ತು ಮಗ್ಗ. ಅವುಗಳ ರಿಪೇರಿ ಅವಳ ಪಾಲಿನ ಕೆಲಸ. ನಾಲ್ಕು ಸಾಲು ಆಚೆ ಒಂದು ಮಗ್ಗದ ಲಾಳಿ ಕೂದಲೆಳೆಯಷ್ಟು ತಡವಾಗಿ ಬಡಿದರೂ ಎದ್ದು ಹೋಗಿ, ಸರಿಯಾಗಿ ಅದೇ ಮಗ್ಗದ ಮುಂದೆ ನಿಲ್ಲುತ್ತಿದ್ದಳು. ಆ ಕಿವಿಯನ್ನೇ ಈ ಹಾಡುಗಳಿಗೂ ಕೊಟ್ಟಳು. ಒಂದು ಥ್ರ್ಯಾಶ್ ಆಲ್ಬಮ್ ಕೇಳಿ, ಇದು ಹೊಸ ಮಗ್ಗ, ಎಣ್ಣೆ ಜಾಸ್ತಿಯಾಗಿದೆ ಎಂದಳು. ಇನ್ನೊಂದರ ಡ್ರಮ್ಮಿನವನ ಬಲಗಾಲು ಎಡಗಾಲಿಗಿಂತ ಸೋಮಾರಿ ಎಂದಾಗ ಮೇಷ್ಟ್ರು ನಂಬದೆ ಆ ಭಾಗವನ್ನು ಮತ್ತೆ ಮತ್ತೆ ಹಾಕಿ ಎಣಿಸಿ, ಕೊನೆಗೆ ಕೈ ಮುಗಿದರು. ಅಂದಿನಿಂದ ತಕರಾರು ಹರಿಯದಿದ್ದಾಗ ಅತ್ತೆಯ ಮಾತೇ ತೀರ್ಪು. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ "ಅತ್ತೆ ಕೇಳಲೇಬೇಕಾದವು" ಎಂಬ ಪಟ್ಟಿ ಎರಡು ಪುಟ ದಾಟಿತ್ತು.

ಗಿರಣಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಆಮೇಲೆ ಲೋಕವೇ ದನಿ ತಗ್ಗಿಸಿತು ಎಂದುಕೊಂಡಿದ್ದಳು ಅತ್ತೆ. ಅಂಗಡಿಯವರು, ಅಕ್ಕಪಕ್ಕದವರು, ಫೋನು ಮಾಡುವ ತಂಗಿ ಎಲ್ಲರೂ ಬಾಯಲ್ಲಿ ಹತ್ತಿ ಇಟ್ಟುಕೊಂಡವರ ಹಾಗೆ ಗೊಣಗುವವರೇ. ಮಗ್ಗದ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ ಅಲ್ಲಿನ ಹೆಂಗಸರೆಲ್ಲ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಆ ವಿದ್ಯೆ ಅವಳ ಕೈ ಬಿಟ್ಟಿರಲಿಲ್ಲ. ತುಟಿ ಕಾಣದಿದ್ದಾಗ ಹೂಂ ಎನ್ನುವುದು ರೂಢಿಯಾಗಿತ್ತು. ಹೂಂ ಎಂದರೆ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತಿತ್ತು.

ಎರಡು ತಿಂಗಳಿಂದ ಅಣ್ಣನ ಮಗಳು ಮಾತ್ರ ಹಿಂದಿನ ಹಾಗಿರಲಿಲ್ಲ. ಒಟ್ಟಿಗೆ ಊಟಕ್ಕೆ ಕೂತರೂ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು. ಸಂಜೆ ಎಲ್ಲಿಗೋ ಹೋಗಿ ತಡವಾಗಿ ಬರುತ್ತಿದ್ದಳು. ಪ್ರೀತಿ ಪ್ರೇಮ ಏನಾದರೂ ಇರಬೇಕು, ಸಮಯ ಬಂದಾಗ ತಾನೇ ಹೇಳುತ್ತಾಳೆ ಎಂದು ಅತ್ತೆ ಕೆದಕಲು ಹೋಗಿರಲಿಲ್ಲ.

ಈವತ್ತಿನ ತಕರಾರು "ಉಪ್ಪಿನ ಗೋಡೆ" ಎಂಬ ಆಲ್ಬಮ್ಮಿನದು. ಯಾವುದೋ ಚಳಿಯ ದೇಶದ ಮೂವರು ಮಾಡಿದ್ದು. ಡ್ರೈವರ್ ಅದನ್ನು ಡೂಮ್ ಎಂದಿದ್ದ. ಅಣ್ಣನ ಮಗಳು ಬ್ಲ್ಯಾಕ್ ಎಂದಿದ್ದಳು. ಮೇಷ್ಟ್ರು ಎರಡರ ಕಸಿ ಎನ್ನಲು ಹೋಗಿ ಇಬ್ಬರಿಂದಲೂ ಉಗಿಸಿಕೊಂಡಿದ್ದರು. ಹಾಡು ಮೂರನೆಯ ಸಲ ಮುಗಿದಾಗ ಮೂವರೂ ಸ್ಟೂಲಿನ ಕಡೆ ತಿರುಗಿದರು.

"ಡೂಮೇ," ಎಂದಳು ಅತ್ತೆ. "ಇದರಲ್ಲಿ ಯೋಚನೆ ಮಾಡೋದೇನಿದೆ? ಎಲ್ಲಾ ಕೆಳಗಿನ ಸದ್ದು. ಮೇಲೆ ಏನೂ ಇಲ್ಲ."

"ಮೇಲೆ ಏನೂ ಇಲ್ವಾ?" ಅಣ್ಣನ ಮಗಳು ನಕ್ಕಳು. "ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಮೊರೀತಿದೆಯಲ್ಲ ಅತ್ತೆ ಗಿಟಾರು, ಮೊದಲಿಂದ ಕೊನೇತನಕ."

ತನ್ನ ಕಾಲೆಳೆಯುತ್ತಿದ್ದಾಳೆ ಎಂದುಕೊಂಡು ಅತ್ತೆಯೂ ನಕ್ಕಳು. ಗೆದ್ದವನು ತಾನೇ ಆದ್ದರಿಂದ ಡ್ರೈವರಾದರೂ ಜೊತೆಗೆ ನಗುತ್ತಾನೆ ಎಂದು ಅವನತ್ತ ನೋಡಿದಳು. ಅವನು ನಗುತ್ತಿರಲಿಲ್ಲ.

"ಗಿಟಾರು ಇದೆ ಅತ್ತೆ," ಎಂದ ಅವನು ಮೆಲ್ಲಗೆ. "ಅದನ್ನ ಲೆಕ್ಕಕ್ಕೆ ತಗೋಬಾರದು ಅಂತ ನಾನು ವಾದ ಮಾಡ್ತಿದ್ದೆ, ಅಷ್ಟೆ."

ಮೇಷ್ಟ್ರು ಎದ್ದು ಪ್ಲೇಯರಿನ ಹತ್ತಿರ ಹೋದರು. ಎರಡನೆಯ ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಮು ಮಾತ್ರ ನುಡಿಯುವ ಜಾಗವೊಂದಿತ್ತು. ಮುಳ್ಳನ್ನು ಅಲ್ಲಿಗೆ ಇಟ್ಟು, ಕಣ್ಣು ಮುಚ್ಚಿ ಎಷ್ಟು ಪೆಟ್ಟು ಬೀಳುತ್ತದೋ ಎಣಿಸಿ ಎಂದರು. ಅತ್ತೆ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳು ಬಡಿದಳು. ಒಂದು, ಎರಡು, ಮೂರು. ಗಿರಣಿಯ ಹಳೆಯ ಮಗ್ಗದ ನಡೆಯೇ ಅದು, ತಪ್ಪುವ ಮಾತೇ ಇಲ್ಲ. ಎಂಟಕ್ಕೆ ನಿಂತಿತು.

"ಎಂಟು," ಎಂದು ಕಣ್ಣು ಬಿಟ್ಟಳು.

ಮೇಷ್ಟ್ರ ಮುಖ ಪರೀಕ್ಷೆಯಲ್ಲಿ ಜಾಣ ಹುಡುಗನ ಉತ್ತರ ತಪ್ಪಿದಾಗ ಆಗುವ ಹಾಗಾಗಿತ್ತು. ಅವರು ಹೇಳಬೇಕೋ ಬೇಡವೋ ಎಂದು ಅಣ್ಣನ ಮಗಳನ್ನು ನೋಡಿದರು. ಆಮೇಲೆ, ಹದಿನಾರು ಎಂದರು. ಡ್ರಮ್ಮಿನದು ಎಂಟು, ಅವುಗಳ ನಡುನಡುವೆ ಕಿಣಿಕಿಣಿ ಎನ್ನುವ ಸಿಂಬಲ್ ತಟ್ಟೆಯದು ಎಂಟು. ಇನ್ನೊಮ್ಮೆ ಹಾಕಿದರು. ಈ ಸಲ ಅತ್ತೆ ಕಣ್ಣು ತೆರೆದೇ ಕೂತಳು. ಮೇಷ್ಟ್ರ ಬೆರಳು ಗಾಳಿಯಲ್ಲಿ ಪ್ರತಿ ಪೆಟ್ಟಿಗೂ ಇಳಿಯಿತು, ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲೂ ಇಳಿಯಿತು. ಡ್ರೈವರನ ಪಾದವೂ ಅಲ್ಲಿ ನೆಲ ತಟ್ಟಿತು. ಕೋಣೆಯಲ್ಲಿದ್ದ ಉಳಿದ ಮೂವರಿಗೂ ಆ ಜಾಗದಲ್ಲಿ ಏನೋ ಇತ್ತು.

ಪ್ಲೇಯರ್ ಹಳೆಯದು, ಅದರದೇ ಏನಾದರೂ ದೋಷವಿರಬಹುದು ಎಂದರು ಮೇಷ್ಟ್ರು. ಗಣಿತ ಬರುತ್ತಿದ್ದ ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಅದಕ್ಕೆ ಹೊಸ ಬೆಲ್ಟು ಹಾಕಿದವಳು ನಾನು," ಎಂದಳು ಅತ್ತೆ. "ಅದರಲ್ಲಿ ದೋಷ ಇಲ್ಲ. ಮಗ್ಗ ಸರಿಯಿದ್ದೂ ಬಟ್ಟೆ ಕೆಟ್ಟರೆ ನೂಲು ನೋಡ್ಬೇಕು ಮೇಷ್ಟ್ರೇ."

ಆ ದಿನ ಕೂಟ ಬೇಗ ಮುಗಿಯಿತು. ಗೆದ್ದ ವಾದವನ್ನು ಅಲ್ಲೇ ಬಿಟ್ಟು ಡ್ರೈವರ್ ಚಪ್ಪಲಿ ಮೆಟ್ಟಿಕೊಂಡ. ಇಬ್ಬರೂ ಮೆಟ್ಟಿಲಿಳಿದ ಮೇಲೆ ಅತ್ತೆ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು. ಅಣ್ಣನ ಮಗಳು ಬೆನ್ನು ಹಾಕಿ ಕಿಟಕಿಯ ಬಳಿ ನಿಂತಿದ್ದಳು. ಅವಳ ಹೆಗಲು ಒಮ್ಮೆ ಏರಿ ಇಳಿಯಿತು. ಆಮೇಲೆ ಅವಳು ತಿರುಗಿ ಹತ್ತಿರ ಬಂದು, ಬೆಳಕು ಮುಖಕ್ಕೆ ಬೀಳುವ ಹಾಗೆ ನಿಂತಳು.

"ಈಗ ನಾನು ಏನೋ ಹೇಳಿದೆ. ಕೇಳಿಸ್ತಾ?"

ಹೂಂ ಎನ್ನಲು ಬಾಯಿ ತೆರೆದಿದ್ದ ಅತ್ತೆ ತಡೆದಳು.

"ಇಲ್ಲ," ಎಂದಳು.

ಆ ಒಂದು ಮಾತು ಹೊರಗೆ ಬರಲು ನಾಲ್ಕು ವರ್ಷ ಬೇಕಾಗಿತ್ತು. ಬಂದ ಮೇಲೆ ಅಂಥ ದೊಡ್ಡ ಮಾತೇನೂ ಆಗಿರಲಿಲ್ಲ. ಅಣ್ಣನ ಮಗಳು ನೆಲದ ಮೇಲೆ ಕುಕ್ಕರಿಸಿ ಕೂತು, ಎರಡು ತಿಂಗಳ ಹಿಂದೆ ಪಾತ್ರೆ ತೊಳೆಯುತ್ತ ತಾನೊಂದು ಮಾತು ಕೇಳಿದ್ದು ನೆನಪಿದೆಯಾ ಎಂದಳು. ಪಾತ್ರೆ ತೊಳೆದದ್ದು ಅತ್ತೆಗೆ ನೆನಪಿತ್ತು. ಬಾಣಲೆಯನ್ನು ಮೇಲಿಡಲಾ ಎಂದು ಕೇಳಿದ್ದೆಯಲ್ಲ ಎಂದಳು.

"ಬಾಣಲೆ ಅಲ್ಲ ಅತ್ತೆ. ವಾರವಾರ ನಮ್ಮ ಗಲಾಟೆಯಿಂದ ನಿನಗೆ ಹಿಂಸೆ ಆಗ್ತಿದೆಯೇನೋ, ನಾನು ಬೇರೆ ರೂಮು ನೋಡ್ಕೊಳ್ಳಲಾ ಅಂತ ಕೇಳಿದ್ದೆ. ನೀನು 'ಹೂಂ, ಹಾಗೇ ಮಾಡು' ಅಂದೆ. ತಲೆ ಕೂಡ ಎತ್ತಲಿಲ್ಲ."

ಅತ್ತೆ ಕೈಯಲ್ಲಿದ್ದ ಲೋಟಗಳನ್ನು ಕೆಳಗಿಟ್ಟಳು. ತಟ್ಟೆ ನೋಡಿಕೊಂಡು ಉಂಡ ಊಟಗಳು, ಎಲ್ಲಿಗೋ ಹೋಗಿ ಬಂದ ಸಂಜೆಗಳು ಒಂದರ ಹಿಂದೊಂದು ಕಣ್ಮುಂದೆ ಬಂದವು. ಪ್ರೀತಿಯಲ್ಲ, ಪ್ರೇಮವಲ್ಲ, ತಾನೇ ಬಾಗಿಲು ತೋರಿಸಿದ್ದಳು, ಬಾಣಲೆ ಎತ್ತಿಡಲು ಹೇಳಿದಷ್ಟು ಸಲೀಸಾಗಿ.

"ರೂಮು ಸಿಕ್ತಾ?" ಎಂದು ಕೇಳಿದಳು.

"ಸಿಕ್ಕಿದೆ. ಬರೋ ತಿಂಗಳು ಬರ್ತೀನಿ ಅಂದಿದ್ದೀನಿ."

ಅಂಗಳದಲ್ಲಿ ಯಾರೋ ಹಾಸಿಗೆ ಬಡಿಯುತ್ತಿದ್ದರು. ಅದು ಅತ್ತೆಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಗಿರಣಿ ಗಲಾಟೆ ನಿಂತಿದ್ದೇ ನನಗೆ ಹಿಂಸೆ ಆಗಿದ್ದು ಕಣೆ," ಎಂದಳು ಕೊನೆಗೆ. "ಹಗಲೆಲ್ಲಾ ಕಂಡವರ ಬಾಯಿ ನೋಡ್ಕೊಂಡೇ ಇರ್ತೀನಿ. ಏನಂದ್ರು, ನಾನು ಏನನ್ನಬೇಕು, ಅದೇ ಯೋಚನೆ. ಭಾನುವಾರ ಎರಡು ಗಂಟೆ ಹೊತ್ತು ಮಾತ್ರ ನಾನು ಯಾರ ಮುಖಾನೂ ನೋಡದೆ ಕೂರೋದು. ಅದೊಂದು ಪೂರ್ತಿಯಾಗಿ ಕೇಳಿಸುತ್ತೆ ಅಂದ್ಕೊಂಡಿದ್ದೆ. ಅದೂ ಅರ್ಧವೇ ಅಂತ ಈವತ್ತು ಗೊತ್ತಾಯ್ತು."

ಅಣ್ಣನ ಮಗಳು ಎದ್ದು ಒಳಗಿನ ಕೋಣೆಗೆ ಹೋಗಿ ಫೋನು ಮಾಡಿದಳು. ಬಾಗಿಲು ತೆರೆದೇ ಇತ್ತು. ಏನು ಮಾತಾಡಿದಳೋ ಅತ್ತೆಗೆ ತಿಳಿಯಲಿಲ್ಲ. ಹೊರಗೆ ಬಂದು ಎದುರಿಗೆ ನಿಂತು, ಬಿಡಿಸಿ ಬಿಡಿಸಿ, ರೂಮು ಬೇಡ ಅಂತ ಹೇಳಿದೆ ಎಂದಳು. ಆಮೇಲೆ ತನಗೇ ನಾಚಿಕೆಯಾದವಳ ಹಾಗೆ ಲೋಟಗಳನ್ನು ಬಾಚಿಕೊಂಡು ಅಡುಗೆಮನೆಗೆ ನಡೆದಳು.

ಮರುವಾರ ಆಸ್ಪತ್ರೆಯ ಗಾಜಿನ ಗೂಡಿನಲ್ಲಿ ಅತ್ತೆಯನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಗಾಜಿನಾಚೆ ಪರೀಕ್ಷೆ ಮಾಡುವ ಹೆಂಗಸಿನ ಕೈ ಯಂತ್ರದ ಮೇಲೆ ಓಡಾಡುವುದು ಕಾಣುತ್ತಿತ್ತು. ಅದನ್ನು ನೋಡಿಕೊಂಡು ಗುಂಡಿ ಒತ್ತುವುದು ಅವಳಂಥವಳಿಗೆ ನೀರು ಕುಡಿದಷ್ಟೇ ಸುಲಭ. ಎರಡು ಸಲ ಒತ್ತಿಯೂಬಿಟ್ಟಳು. ಮೂರನೆಯ ಸಲ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಮೊದಲಿಂದ ಶುರುಮಾಡಿ ಎಂದಳು.

ಆ ಹೆಂಗಸು ಆಮೇಲೆ ಗೀಟಿನ ಚಿತ್ರ ತೋರಿಸಿದಳು. ಗೀಟು ಎಡಗಡೆ ನೆಟ್ಟಗೆ ನಡೆದು, ನಡುವಿನಿಂದ ಮೆಟ್ಟಿಲ ಮೇಲೆ ಕಾಲು ಜಾರಿದವರ ಹಾಗೆ ಬಿದ್ದಿತ್ತು. ಕೆಳದನಿಗಳೆಲ್ಲ ಇವೆ, ಮೇಲಿನವು ಹೋಗಿವೆ. ಯಾವ ಕೆಲಸದಲ್ಲಿದ್ದಿರಿ ಎಂದು ಕೇಳಿ, ಉತ್ತರ ಸಿಕ್ಕಾಗ ತಲೆಯಾಡಿಸಿದಳು. ಜೊತೆಗೆ ಬಂದಿದ್ದ ಅಣ್ಣನ ಮಗಳ ಅಂಗಿಯ ಮೇಲಿದ್ದ ಮೆಟಲ್ ಬ್ಯಾಂಡಿನ ಚಿತ್ರ ನೋಡಿ, ಬಿಡುವಾದಾಗ ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದಳು. ಆ ಮಾತನ್ನು ತುಟಿಯಲ್ಲಿ ಹಿಡಿದ ಅತ್ತೆಗೆ ನಗು ತಡೆಯಲಾಗಲಿಲ್ಲ.

ಶ್ರವಣ ಯಂತ್ರಗಳು ಬರಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಮೊದಲು ಏನು ಕೇಳಬೇಕೆಂಬ ವಿಷಯಕ್ಕೆ ಕೂಟದಲ್ಲಿ ಹೊಸ ಜಗಳ ಎದ್ದಿತ್ತು. ಡ್ರೈವರ್, ಒಮ್ಮೆಲೇ ವೇಗ ಬೇಡ, ನಿಧಾನದ್ದರಿಂದ ಶುರುಮಾಡಿ ಎಂದು ಒಂದು ಆಲ್ಬಮ್ ತಂದುಕೊಟ್ಟ. ಮೇಷ್ಟ್ರು ಪಟ್ಟಿಯನ್ನೇ ಹೊಸದಾಗಿ ಬರೆದು, ಒಂದೊಂದರ ಮುಂದೆ ಯಾವ ನಿಮಿಷದಲ್ಲಿ ಏನನ್ನು ಗಮನಿಸಬೇಕು ಎಂದು ಟಿಪ್ಪಣಿ ಹಾಕಿದರು. ಅಣ್ಣನ ಮಗಳು "ಉಪ್ಪಿನ ಗೋಡೆ"ಯನ್ನು ಎಲ್ಲದರ ಮೇಲೆ ಇಟ್ಟಳು.

ಯಂತ್ರ ಹಾಕಿಸಿಕೊಂಡ ದಿನ ಅಣ್ಣನ ಮಗಳಿಗೆ ಅಚ್ಚುಕೂಟದಲ್ಲಿ ರಜೆ ಸಿಗಲಿಲ್ಲ. ಅತ್ತೆ ಒಬ್ಬಳೇ ಹೋಗಿ, ಒಬ್ಬಳೇ ಆಸ್ಪತ್ರೆಯಿಂದ ಹೊರಗೆ ಬಂದಳು. ಮಧ್ಯಾಹ್ನ ಇನ್ನೂ ಆಗಿರಲಿಲ್ಲ. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಮುದುಕನೊಬ್ಬ ಪೇಪರು ಓದುತ್ತ ಕೂತಿದ್ದ. ಅತ್ತೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ಮುದುಕ ಪುಟ ತಿರುಗಿಸಿದ, ಪರಪರ ಸದ್ದಾಯಿತು.

ಅತ್ತೆ ಅತ್ತ ನೋಡಿದಳು. ಪೇಪರು ಅವನ ಕೈಯಲ್ಲಿ ಸುಮ್ಮನಾಗಿತ್ತು. ಅವನು ಬೆರಳಿಂದ ಸಾಲು ಹಿಡಿದುಕೊಂಡು ಮೇಲಿನಿಂದ ಕೆಳಗೆ ಬಹಳ ನಿಧಾನವಾಗಿ ಓದುತ್ತಿದ್ದ. ಅವಳ ಮನೆಯ ಕಡೆಯ ಬಸ್ಸು ಬಂದು ನಿಂತಿತು, ಇಬ್ಬರು ಇಳಿದರು, ಮೂವರು ಹತ್ತಿದರು. ಅತ್ತೆ ಏಳಲಿಲ್ಲ. ಬಸ್ಸು ಹೊರಟುಹೋಯಿತು. ಮುದುಕನ ಬೆರಳು ಕೊನೆಯ ಸಾಲಿಗೆ ಇಳಿದಿತ್ತು. ಅವನು ಪುಟದ ಮೂಲೆಯನ್ನು ಹಿಡಿದ. ಅತ್ತೆ ಉಸಿರು ಬಿಗಿಹಿಡಿದು ಕೂತಳು.