ಗಾಳಿಯಾಡದ ಗಂಟು

ನನ್ನ ಸಂಬಳ ಕೇಳಿದವರು ಹುಬ್ಬೇರಿಸುತ್ತಾರೆ. ಕೆಲಸ ಏನೆಂದು ಕೇಳಿದ ಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಒಂಟಿಯಾಗಿದ್ದವರು ಸತ್ತು, ಯಾರಿಗೂ ಗೊತ್ತಾಗದೆ ಎಷ್ಟೋ ದಿನ ಬಿದ್ದಿದ್ದ ಕೋಣೆಗಳನ್ನು ತೊಳೆದು ಕೊಡುವುದು ನನ್ನ ಕೆಲಸ. ಹೆಣವನ್ನು ಪೊಲೀಸರು ಒಯ್ಯುತ್ತಾರೆ; ಉಳಿದದ್ದೆಲ್ಲ ನನ್ನ ಪಾಲು. ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂರುವ ಭಾವಮೈದುನನಿಗಿಂತ ಎರಡರಷ್ಟು ದುಡಿಯುತ್ತೇನೆ. ಆದರೂ ಅವನ ಮನೆಯಲ್ಲಿ ಎಲ್ಲರಿಗೂ ಸೋಫಾ, ನನಗೆ ಮಾತ್ರ ಪ್ಲಾಸ್ಟಿಕ್ ಕುರ್ಚಿಯೇ ಗತಿ.

ಇಪ್ಪತ್ತೆರಡು ವರ್ಷದ ಗಬ್ಬು, ಅದನ್ನು ಕೊಲ್ಲುವ ಔಷಧಿ ನೀರು, ಎರಡೂ ಸೇರಿ ನನ್ನ ಮೂಗನ್ನು ತಿಂದುಹಾಕಿದವು. ಈಗ ಹೂವೂ ಒಂದೇ, ಸತ್ತ ಇಲಿಯೂ ಒಂದೇ. ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಹಾಲು ಕೆಟ್ಟಿದೆಯೋ ಇಲ್ಲವೋ ಅವಳೇ ಮೂಸಿ ಹೇಳಬೇಕಿತ್ತು. "ನಿಮ್ಮ ಮೂಗು ಬರೀ ಕನ್ನಡಕ ಇಡೋಕೆ" ಎಂದು ಛೇಡಿಸುತ್ತಿದ್ದಳು. ಮಗಳಿಗೆ ಹೇಳಬೇಡ ಎಂದು ನಾನೇ ಅವಳ ಬಾಯಿ ಮುಚ್ಚಿಸಿದ್ದೆ. ತನ್ನ ಕಾಲೇಜು ಫೀಸಿಗಾಗಿ ಅಪ್ಪ ಮೂಗು ಕಳೆದುಕೊಂಡ ಎಂದು ಆ ಹುಡುಗಿ ಕೊರಗುವುದು ನನಗೆ ಬೇಕಿರಲಿಲ್ಲ.

ಏಳು ತಿಂಗಳು ಕಾಯಿಲೆ ಮಲಗಿದ್ದ ಹೆಂಡತಿ ಒಂದು ಬೆಳಿಗ್ಗೆ ಅದೇ ಮಂಚದ ಮೇಲೆ ಹೋದಳು. ಆಂಬುಲೆನ್ಸಿನವರು ಅವಳನ್ನು ಶವಾಗಾರಕ್ಕೆ ಒಯ್ದರು. ಬೇರೆ ಊರಿನಲ್ಲಿ ಟೀಚರಾಗಿದ್ದ ಮಗಳು ಬರುವುದು ಸಂಜೆಗೆ. ಖಾಲಿ ಮಂಚ ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ. ಕೈಗಳು ತಮಗೆ ಗೊತ್ತಿದ್ದ ಕೆಲಸ ಮಾಡಿದವು. ಹಾಸಿಗೆ, ದಿಂಬು ಚೀಲಕ್ಕೆ ತುಂಬಿ ಸಾಗಿಸಿದೆ. ಅವಳ ಬಟ್ಟೆಗಳನ್ನೆಲ್ಲ ಬಿಸಿ ಔಷಧಿ ನೀರಿನಲ್ಲಿ ಅದ್ದಿ ಒಣಹಾಕಿದೆ. ಗೋಡೆ ಒರೆಸಿದೆ, ಬಾಚಣಿಗೆಯನ್ನೂ ಬಿಡದೆ ಉಜ್ಜಿದೆ. ಮೂರು ಗಂಟೆಯಲ್ಲಿ ಕೋಣೆ ಕನ್ನಡಿಯಂತಾಯಿತು. ಹೇಳಲು ನಾಚಿಕೆ, ಒಂದು ಕ್ಷಣ ಹೆಮ್ಮೆಯೂ ಆಯಿತು.

ಮಗಳು ಬಂದವಳೇ ಸೀದಾ ಆ ಕೋಣೆಗೆ ಹೋದಳು. ಬೀರು ತೆಗೆದಳು, ಖಾಲಿ. ಹಗ್ಗದ ಮೇಲಿದ್ದ ಬಟ್ಟೆಯೊಂದನ್ನು ಎಳೆದು ಮುಖಕ್ಕೆ ಒತ್ತಿಕೊಂಡಳು.

"ಅಮ್ಮನ ವಾಸನೆ ಎಲ್ಲಪ್ಪಾ?"

"ತೊಳೆದುಬಿಟ್ಟೆ ಕಣೇ," ಎಂದೆ.

"ಎಲ್ಲಾನೂ? ಅಮ್ಮನೂ ನಿಂಗೆ ಒಂದು ಡ್ಯೂಟಿ ಆಗೋದ್ಲಾ?"

ಅಂತ್ಯಕ್ರಿಯೆ ಮುಗಿದ ಮೇಲೂ ಮೂರು ದಿನ ಅವಳು ಮುಖ ಕೊಟ್ಟು ಮಾತಾಡಲಿಲ್ಲ. ನಾನು ಹುಚ್ಚನಂತೆ ಮನೆ ಜಾಲಾಡಿದೆ. ಹೆಂಡತಿಯ ಕರವಸ್ತ್ರ, ಹಳೇ ಪರ್ಸು, ಸಿಕ್ಕಿದ್ದನ್ನೆಲ್ಲ ತಂದು ಮಗಳ ಮುಂದೆ ಇಡುವುದು. ಅವಳು ಮೂಸಿ "ಔಷಧಿ" ಎಂದು ಪಕ್ಕಕ್ಕೆ ಸರಿಸುವುದು. ನನ್ನ ಮೂಗನ್ನು ಕಿತ್ತೆಸೆಯಬೇಕು ಎನ್ನುವಷ್ಟು ಸಿಟ್ಟು ಬಂತು.

ನಾಲ್ಕನೇ ದಿನ ನನ್ನ ಕೆಲಸದ ವ್ಯಾನಿನ ಮುಂದಿನ ಸೀಟಿನ ಸಂದಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಹೆಂಡತಿಯ ಬೂದು ಶಾಲು ಸಿಕ್ಕಿತು. ಕೊನೆಯ ಸಲ ಡಾಕ್ಟರ ಬಳಿ ಹೋದಾಗ ಮರೆತಿದ್ದಳು. ಮಗಳು ಅದನ್ನು ಮುಖಕ್ಕೆ ಹಿಡಿದವಳೇ ಅಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಇದರಲ್ಲಿ ಅವಳಮ್ಮ ಇದ್ದಾಳೆ ಎಂದು ನನಗೆ ಗೊತ್ತಾದದ್ದು ಹಾಗೆ.

"ಇದೂ ಹೋಗ್ಬಿಡುತ್ತೆ ಅಲ್ವಾಪ್ಪಾ?"

"ಹೋಗೋಕೆ ಬಿಡಲ್ಲ."

ಗಬ್ಬು ಹೊರಗೆ ಬಾರದಂತೆ ಚೀಲ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೆಲಸದ ದಪ್ಪ ಚೀಲವನ್ನೇ ತಂದೆ. ಶಾಲು ಇಟ್ಟು, ಗಾಳಿ ಹಿಂಡಿ, ಬಾಯಿ ತಿರುಚಿ, ಎರಡು ಗಂಟು ಬಿಗಿದು, ಮೇಲೆ ಟೇಪು ಸುತ್ತಿದೆ.

ಈಗ ರಜೆಗೆ ಬಂದಾಗೆಲ್ಲ ಮಗಳು ಆ ಚೀಲ ಕೇಳುತ್ತಾಳೆ. ನಾನು ಗಂಟು ಬಿಚ್ಚುತ್ತೇನೆ. ಅವಳು ಒಂದೇ ಒಂದು ಉಸಿರು ಎಳೆದುಕೊಂಡು, ಹೆಚ್ಚು ತೆಗೆದರೆ ಅಪ್ಪನಿಗೆ ಉಳಿಯುವುದಿಲ್ಲವೆಂಬಂತೆ, ಶಾಲನ್ನು ನನ್ನ ಮುಖಕ್ಕೆ ಹಿಡಿಯುತ್ತಾಳೆ.

"ಬಂತಾಪ್ಪಾ?"

ಉಣ್ಣೆ ಮೂಗಿಗೆ ಚುಚ್ಚುತ್ತದೆ, ಅಷ್ಟೇ.

"ಬಂತು ಕಣೇ," ಎನ್ನುತ್ತೇನೆ. "ಬೇಗ ಕಟ್ಟೋಣ."