ಧಣಿಗೆ ಬೇಕಾದ ಹೆಣ

"ಆಚೆ ಹೋಗಿ ಕೆಮ್ಮಯ್ಯ ಮುದಿಯಾ! ನನ್ನ ಮುಖದ ಮೇಲೇ ಉಗೀತೀಯಲ್ಲ, ನಾಚಿಕೆ ಆಗಲ್ವಾ?"

ಮಿಲ್ಲಿನ ಡಾಕ್ಟರು ಮೂಗಿಗೆ ಕರ್ಚೀಫು ಒತ್ತಿಕೊಂಡು ಕುರ್ಚಿಯನ್ನು ಹಿಂದಕ್ಕೆ ಎಳೆದ. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಮ್ಮುತ್ತಲೇ ಇದ್ದ. ನಾನು ಅವನ ಬೆನ್ನು ನೀವುತ್ತಾ ನಿಂತಿದ್ದೆ. ಡಾಕ್ಟರು ಚೀಟಿಯಲ್ಲಿ ಏನೋ ಗೀಚಿ ನನ್ನ ಕಡೆ ಎಸೆದ.

"ಏನು ಬರೆದ್ರಿ ಸಾರ್?"

"ಬೀಡಿ ಅಂತ. ಸೇದಿ ಸೇದಿ ಎದೆ ಸುಟ್ಕೊಂಡಿದಾನೆ. ಬಿಡೋಕೆ ಹೇಳು."

"ನಮ್ಮಪ್ಪ ಬೀಡಿ ಮುಟ್ಟಲ್ಲ ಸಾರ್. ಹತ್ತಿ ಧೂಳು ಅದು. ಧೂಳು ಅಂತ ಬರೆದುಕೊಟ್ರೆ ದೊಡ್ಡಾಸ್ಪತ್ರೇಲಿ ಸೇರಿಸ್ಕೋತಾರಂತೆ."

"ನೀನೇನು ಡಾಕ್ಟರಿಕೆ ಓದಿದೀಯಾ? ನಡಿಯೇ ಆಚೆ."

ಅಪ್ಪ ಮೂವತ್ತು ವರ್ಷ ದುಡಿದದ್ದು ಬಿಗಿದು ಕಟ್ಟಿದ ಮೂಟೆ, ಅಂದರೆ ಬೇಲು, ಒಡೆದು ಹತ್ತಿ ಹಿಂಜುವ ಕೋಣೆಯಲ್ಲಿ. ಅಲ್ಲಿ ಒಂದು ಕಿಡಿ ಬಿದ್ದರೆ ಇಡೀ ಮಿಲ್ಲು ಭಸ್ಮ. ದಿನವೂ ಗೇಟಿನಲ್ಲಿ ಗಂಡಸರ ಜೇಬು, ಚಡ್ಡಿ, ಚಪ್ಪಲಿ ಎಲ್ಲ ತಡಕುತ್ತಿದ್ದರು. ಒಂದು ಬೆಂಕಿಕಡ್ಡಿ ಸಿಕ್ಕಿದರೂ ಅವತ್ತೇ ಮನೆಗೆ. ಅಂಥ ಜಾಗದಲ್ಲಿ ನಮ್ಮಪ್ಪ ಮೂವತ್ತು ವರ್ಷ ಬೀಡಿ ಸೇದಿದನಂತೆ! ಆ ಕೋಣೆಯಿಂದ ಹೊರಬಿದ್ದವರೆಲ್ಲ ಡಾಕ್ಟರ ಪ್ರಕಾರ ಬೀಡಿ ಸೇದಿಯೇ ಸತ್ತವರು. ನಮ್ಮಮ್ಮನೂ ಅಲ್ಲೇ ದುಡಿದವಳು. ಅವಳ ಚೀಟಿಯಲ್ಲೂ ಬೀಡಿ ಅಂತಲೇ ಇತ್ತು.

ಮಿಲ್ಲಿನವರು ಕೊಟ್ಟ ಲೈನ್ ಮನೆಗೆ ನಡೆದು ಬರುವಾಗ ಅಪ್ಪ ಐದು ಕಡೆ ಕೂತ. ಐದನೆಯ ಸಲ ಕೂತಾಗ ನನ್ನ ಕೈ ಹಿಡಿದುಕೊಂಡ.

"ಮಗಳೇ, ನಾನು ಹೋದ ಮೇಲೆ ಯಾರಾದ್ರೂ ಏನಾಗಿತ್ತು ಅಂತ ಕೇಳಿದ್ರೆ ಸುಳ್ಳು ಹೇಳ್ಬೇಡ. ಇದ್ದದ್ದು ಇದ್ದ ಹಾಗೆ ಹೇಳು. ನಿಮ್ಮಮ್ಮನ ವಿಷಯದಲ್ಲಿ ನಾನು ಬಾಯಿ ಮುಚ್ಕೊಂಡೆ. ಅದೇ ನನ್ನ ತಿಂತಾ ಇರೋದು."

"ಈಗ್ಯಾಕಪ್ಪ ಸಾಯೋ ಮಾತು?" ಎಂದು ಗದರಿದೆ. ಗದರಲು ಹೋಗಿ ನನಗೂ ಕೆಮ್ಮು ಬಂತು. ಅಪ್ಪನ ಜಾಗಕ್ಕೆ ನಾನು ಸೇರಿ ಆರು ವರ್ಷವಾಗಿತ್ತು. ಅವನು ನನ್ನ ಮುಖವನ್ನೇ ನೋಡಿದ.

ನಮ್ಮ ಧಣಿಯ ಕಥೆ ಊರಿನ ಗೋಡೆಗೋಡೆಯ ಮೇಲೂ ಇದೆ. ಸೈಕಲ್ಲಿನಲ್ಲಿ ಹತ್ತಿ ಚಿಂದಿ ಮಾರುತ್ತಿದ್ದವನು ಬೆವರು ಸುರಿಸಿ ಮೂರು ಮಿಲ್ಲು ಕಟ್ಟಿದ ಕಥೆ. ಸುಳ್ಳಲ್ಲ, ಸೈಕಲ್ಲು ಇತ್ತು. ಏರಿನಲ್ಲಿ ಅದನ್ನು ಹಿಂದಿನಿಂದ ತಳ್ಳುತ್ತಿದ್ದವನು ನಮ್ಮಪ್ಪ. ಅವನ ಚಿತ್ರ ಮಾತ್ರ ಗೋಡೆಯ ಮೇಲಿಲ್ಲ. ಆಮೇಲೆ ಹದಿನೈದು ವರ್ಷ, ಯಾವ ಮಂತ್ರಿ ಬಂದರೂ ಧಣಿಯ ಮನೆಯಲ್ಲೇ ಊಟ. ನಾವು ಸಂಘ ಕಟ್ಟಲು ಹೋದಾಗ ಅದೇ ಮಂತ್ರಿಗಳ ಪೊಲೀಸರು ಬಂದು ನಮ್ಮ ಮೂಳೆ ಮುರಿದರು. ನಾಲ್ಕನೆಯ ಮಿಲ್ಲಿಗೆ ಧಣಿ ಕಣ್ಣಿಟ್ಟಿದ್ದ ಹೊಳೆದಂಡೆಯ ಜಾಗವನ್ನು ಸರ್ಕಾರ ಇನ್ನೊಬ್ಬನಿಗೆ ಕೊಟ್ಟಿದ್ದೇ ತಡ, ಅವನಿಗೆ ಬಡವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಸೂಟು ಬಿಚ್ಚಿ ಬಿಳಿ ಅಂಗಿ ತೊಟ್ಟ. ಪಕ್ಷ ಕಟ್ಟಿದ. ತನಗೆ ತಾನೇ ಕಾರ್ಮಿಕ ಬಂಧು ಅಂತ ಹೆಸರಿಟ್ಟುಕೊಂಡ. ಬಂಧುವಿನ ಸಭೆಗೆ ಹೋಗದವರಿಗೆ ಮಿಲ್ಲಿನಲ್ಲಿ ಗೈರುಹಾಜರಿ ಬೀಳುತ್ತಿತ್ತು.

ಸರ್ಕಾರದ ವಿರುದ್ಧ ದೊಡ್ಡ ಮೆರವಣಿಗೆ ಅಂತ ಗೊತ್ತಾಯಿತು. ಹಿಂದಿನ ದಿನ ಸಂಜೆ ಮೇಸ್ತ್ರಿ ನಮ್ಮ ಮನೆ ಬಾಗಿಲಿಗೆ ಬಂದ. ಒಳಗೆ ಇಣುಕಿ, ಮಲಗಿದ್ದ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಾಳೆ ನಿಮ್ಮಪ್ಪನ್ನ ಮುಂದಿನ ಸಾಲಲ್ಲಿ ಕೂರಿಸ್ತೀವಿ."

"ಅವನಿಗೆ ಎದ್ದು ನಿಲ್ಲೋಕೇ ಆಗಲ್ಲ ಅಣ್ಣ."

"ಅದಕ್ಕೇ ತಳ್ಳುಗಾಡಿ ತರ್ತೀವಿ. ಈ ಸರ್ಕಾರ ಬಡವನ್ನ ಯಾವ ಗತಿಗೆ ತಂದಿದೆ ಅಂತ ಜನ ನೋಡಲಿ. ಧಣಿಗಳೇ ಹೇಳಿದಾರೆ."

"ಬಿಸಿಲಲ್ಲಿ ಏನಾದ್ರೂ ಆದ್ರೆ?"

"ಆದ್ರೆ ಈ ಮನೆ ನಿನ್ನ ಹೆಸರಿಗೆ," ಎಂದು ಮೇಸ್ತ್ರಿ ನಕ್ಕ. ಅದನ್ನು ಅವನು ಸಂಬಳದ ಲೆಕ್ಕ ಹೇಳಿದಷ್ಟೇ ಸಲೀಸಾಗಿ ಅಂದ.

ಚಾಪೆಯ ಮೇಲಿಂದ ಅಪ್ಪ ತಲೆ ಎತ್ತಿದ. "ಬೋಳಿಮಗನಿಗೆ ಹೆಣ ಬೇಕಾಗಿದೆ ಕಣೆ. ಸೈಕಲ್ ತಳ್ಳಿದ್ದೇ ಸಾಕಾಗಿದೆ, ಬರಲ್ಲ ಅಂತ ಹೇಳು."

"ಮುಚ್ಚೋ ಬಾಯಿ, ಬೇವರ್ಸಿ! ಯಾರ ಅನ್ನ ತಿಂದು ಇಷ್ಟು ದಿನ ಬದುಕಿದೀಯಾ?"

"ನನ್ನ ಅನ್ನ. ಅವನೂ ತಿಂದಿದ್ದು ನನ್ನದೇ," ಎಂದ ಅಪ್ಪ. ಮೇಸ್ತ್ರಿ ಹೊಸ್ತಿಲ ಮೇಲೆ ಉಗಿದು ಹೋದ.

ಬೆಳಿಗ್ಗೆ ಎಲ್ಲರನ್ನೂ ಮೆರವಣಿಗೆಗೆ ಕಳಿಸಿ, ಹಿಂಜುವ ಕೋಣೆಯ ಪಾಳಿಯನ್ನು ಮಾತ್ರ ಉಳಿಸಿಕೊಂಡರು. ನಾನು ಆ ಪಾಳಿಯವಳು. ಆಗಲೇ ನನಗೆ ಹೊಳೆಯಬೇಕಿತ್ತು. ಬಾಗಿಲಿಗೆ ಬೀಗ ಹಾಕಿದರೆ ಆಯಿತು ಅಂದುಕೊಂಡ ದಡ್ಡಿ ನಾನು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಬಂದಾಗ ಬೀಗ ಮುರಿದು ಬಿದ್ದಿತ್ತು. ಅಂಗಳದಲ್ಲಿ, ಬೇಲು ಇಳಿಸುವ ಹಲಗೆಯ ಮೇಲೆ, ಅಪ್ಪ ಪಕ್ಷದ ಬಾವುಟ ಹೊದ್ದು ಮಲಗಿದ್ದ. ಹಣೆಯ ಮೇಲೆ ಬೆಳಿಗ್ಗೆ ಇಲ್ಲದ ಗಾಯ.

ಎದುರುಮನೆಯ ಚಿಕ್ಕಮ್ಮ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳು ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆಯುವವಳು.

"ಪೊಲೀಸ್ರು ಕೋಲೇ ಎತ್ತಲಿಲ್ಲ ಕಣೆ. ನಾನು ಗಾಡಿ ಹಿಂದೇನೇ ಓಡಿದೀನಿ. ಕೆಮ್ಮಿ ಕೆಮ್ಮಿ ಗಾಡೀಲೇ ಹೋಗ್ಬಿಟ್ಟ. ಆಮೇಲೆ ಮೇಸ್ತ್ರಿ ಕಡೆಯವ್ರು ಜೀಪಿಗೆ ಹಾಕ್ಕೊಂಡು ಪರದೆ ಎಳೆದ್ರು." ಅವಳು ಅಪ್ಪನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು. "ನೋಡು, ರಕ್ತಾನೇ ಇಲ್ಲ. ಇದು ಜೀವ ಹೋದ ಮೇಲೆ ಹೊಡೆದಿದ್ದು. ಇಪ್ಪತ್ತು ವರ್ಷ ಹೆಣ ತೊಳೆದೋಳಿಗೆ ಇವ್ರು ಹೇಳಿಕೊಡ್ತಾರಾ?"

ನನಗೆ ಅಳು ಬರಲಿಲ್ಲ. ಅಷ್ಟರಲ್ಲಿ ಕ್ಯಾಮರಾದವರ ಜೊತೆ ಮಿಲ್ಲಿನ ಡಾಕ್ಟರು ಬಂದ, ಹೆಣ ಮುಟ್ಟದೆಯೇ ಬರೆದ. ಪೊಲೀಸರ ಏಟಿನಿಂದ ಸಾವು.

"ಈ ಸಲ ಬೀಡಿ ಅಲ್ವಾ ಸಾರ್?" ಎಂದೆ. ಅವನು ಪೆನ್ನಿನ ಮುಚ್ಚಳ ಹಾಕಿಕೊಂಡು ಕ್ಯಾಮರಾದವರ ಹಿಂದೆ ಸರಿದುಕೊಂಡ.

ಧಣಿ ಬಂದ. ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, ಕ್ಯಾಮರಾಗಳ ಕಡೆ ತಿರುಗಿ, "ನನ್ನ ಅಣ್ಣನನ್ನ ಕೊಂದ್ರು! ನನ್ನ ಸೈಕಲ್ ತಳ್ಳಿದ ಅಣ್ಣನನ್ನ!" ಎಂದು ಗದ್ಗದಿತನಾದ. ಹಾಗಾದರೆ ಅವನಿಗೆ ಎಲ್ಲ ನೆನಪಿತ್ತು. ನನಗೆ ಅದರಿಂದಲೇ ಹೆಚ್ಚು ಭಯವಾಯಿತು. ಆಮೇಲೆ ನನ್ನ ಕಿವಿಯಲ್ಲಿ, "ಸ್ವಲ್ಪ ಅಳಮ್ಮ. ಪೊಲೀಸ್ರು ಹೊಡೆದ್ರು ಅಂತ ಹೇಳು, ಸಾಕು. ನೀನೂ ಕೆಮ್ತಾ ಇದೀಯಂತೆ, ಮೇಸ್ತ್ರಿ ಹೇಳ್ದ. ನೋಡ್ಕೋ, ನಾಳೆ ನಿಂಗೂ ಡಾಕ್ಟರು ಬೇಕಾಗ್ತಾರೆ," ಎಂದ.

ಹೊರಡುವಾಗ ಮೇಸ್ತ್ರಿಗೆ ಹೇಳಿದ. "ಹೆಣ ನಮ್ಮ ಹಮಾಲರೇ ಹೊರಲಿ, ಮಿಲ್ಲಿನ ಅಂಗೀಲೇ. ಚೆನ್ನಾಗಿ ಕಾಣತ್ತೆ."

ಧಣಿ ತಪ್ಪಿದ್ದು ಅಲ್ಲೇ. ಬೇಲು ಹೊರುವ ಹಮಾಲರಿಗೆ ಒಂದು ರೂಢಿ ಇದೆ. ಬಲಗಡೆ ಮುಂದಿರುವವನು ಕೂಗಿದ್ದೇ ದಾರಿ. ಉಳಿದ ಮೂವರು ತಲೆ ಎತ್ತಿ ನೋಡುವುದಿಲ್ಲ, ಯಾಕೆ ಎಂದು ಕೇಳುವುದಿಲ್ಲ, ಆ ದನಿಗೆ ಕಾಲು ಹಾಕುತ್ತಾರೆ. ಅವತ್ತು ಬಲಗಡೆ ಮುಂದೆ ಇದ್ದವನು ನನ್ನ ಸೋದರಮಾವ.

ಎಲ್ಲಕ್ಕಿಂತ ಮುಂದೆ ತೆರೆದ ಜೀಪಿನಲ್ಲಿ ಧಣಿ ಕೈಮುಗಿದು ನಿಂತಿದ್ದ. ಹಿಂದೆ ಹೆಣ, ಅದರ ಪಕ್ಕ ನಾನು, ನಮ್ಮ ಹಿಂದೆ ಸಾವಿರಾರು ಜನ. ಕೊಲೆಗಡುಕ ಪೊಲೀಸರಿಗೆ ಧಿಕ್ಕಾರ ಎಂದು ಮೈಕು ಕಿರುಚುತ್ತಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ನೇರ ಹೋದರೆ ಸರ್ಕಾರಿ ಕಚೇರಿ, ಬಲಕ್ಕೆ ತಿರುಗಿದರೆ ಮಿಲ್ಲು.

"ಮಾವ," ಎಂದೆ. "ಮಿಲ್ಲಿಗೆ ಹೋಗೋಣ."

ಮಾವ ನನ್ನ ಮುಖ ನೋಡಿದ. "ಕೆಲಸ ಹೋಗತ್ತೆ ಮಗಾ. ಮನೇನೂ."

"ಅಮ್ಮನ್ನ ಬೀಡಿ ಸೇದಿ ಸತ್ಲು ಅಂದ್ರು ಮಾವ. ನಿನ್ನ ತಂಗಿ ಅವಳು."

ಮಾವ ಹಲಗೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. "ಬಲಕ್ಕೇ..." ಎಂದು ಬೇಲು ಹೊರುವ ದನಿಯಲ್ಲೇ ಕೂಗಿದ. ಎಂಟು ಕಾಲು ಬಲಕ್ಕೆ ತಿರುಗಿದವು. ಹೆಣ ಹೋದ ಕಡೆ ಜನ ಬಂದರು. ಧಣಿ ಮಾತ್ರ ಜೀಪಿನಲ್ಲಿ ಕೈಮುಗಿದುಕೊಂಡು ಖಾಲಿ ರಸ್ತೆಯಲ್ಲಿ ನೇರ ಹೋಗುತ್ತಿದ್ದ.

ಮಿಲ್ಲಿನ ಗೇಟು ಮುಚ್ಚಿತ್ತು. ಹಲಗೆಯನ್ನು ಅದರ ಬುಡದಲ್ಲಿ ಇಳಿಸಿ, ಬಾವುಟ ಎಳೆದು ಪಕ್ಕಕ್ಕೆ ಹಾಕಿದೆ. ಓಡಿ ಬಂದ ಪತ್ರಕರ್ತನೊಬ್ಬ ಮೈಕು ಹಿಡಿದು, "ಹೊಡೆದಿದ್ದು ಯಾರಮ್ಮ?" ಎಂದ.

"ಸಾಯೋವರೆಗೂ ಹೊಡೆದಿದ್ದು ಈ ಮಿಲ್ಲು. ಸತ್ತ ಮೇಲೆ ಹೊಡೆದಿದ್ದು ಇದರ ಧಣಿಯ ಜನ."

ಧಣಿ ಜೀಪು ತಿರುಗಿಸಿಕೊಂಡು ಬಂದು ಇಳಿದ. ಮುಗಿದ ಕೈ ಮುಗಿದಂತೆಯೇ ಇತ್ತು. "ಎತ್ತಿಸೇ ಹೆಣ," ಎಂದು ಹಲ್ಲು ಕಚ್ಚಿದ.

"ಎತ್ತಲ್ಲ."

ಅವನು ಹಿಂತಿರುಗಿ, ಮೆರವಣಿಗೆಯ ಕಾವಲಿಗೆ ಬಂದು ಮಧ್ಯಾಹ್ನದಿಂದ ಕೊಲೆಗಡುಕ ಅನ್ನಿಸಿಕೊಂಡಿದ್ದ ಇನ್‌ಸ್ಪೆಕ್ಟರನ್ನು ಕರೆದ. "ಇದು ಖಾಸಗಿ ಜಾಗ. ಇವ್ರನ್ನ ತೆರವು ಮಾಡ್ಸಿ."

"ಆಗ್ಲಿ ಧಣಿ," ಎಂದು ಇನ್‌ಸ್ಪೆಕ್ಟರು ಹಳೆಯ ಪರಿಚಯದ ನಗೆ ನಕ್ಕ.

ಮಾವ ಮತ್ತು ಹಮಾಲರು ಹಲಗೆಯ ನಾಲ್ಕು ಮೂಲೆಗೆ ಕೂತರು. ಚಿಕ್ಕಮ್ಮ ಅಪ್ಪನ ಮುಖದ ಮೇಲೆ ಬಾಗಿದಳು. ನಾನು ಅವಳ ಪಕ್ಕ ಕೂತೆ. ಅವತ್ತಿನ ಮೊದಲ ಲಾಠಿ ಮೇಲೆದ್ದಿತು. ಗೇಟಿನ ಆಚೆ, ನನ್ನ ಪಾಳಿಯವರಿದ್ದ ಹತ್ತಿ ಹಿಂಜುವ ಕೋಣೆಯಲ್ಲಿ, ಒಂದು ಮಷೀನು ನಿಂತದ್ದು ಕೇಳಿಸಿತು. ಆಮೇಲೆ ಇನ್ನೊಂದು.